ಕರುಳಿನ ಗಂಟು, ಕಾವಿನ ಲೆಕ್ಕ

ದೊಡ್ಡ ಕರುಳಿನ ಒಳಗೋಡೆಯಲ್ಲಿ ಅಣಬೆಯಂತೆ ಮೂಡುವ ಗಂಟಿಗೆ ಪಾಲಿಪ್ ಎಂದು ಹೆಸರು. ಇವುಗಳಲ್ಲಿ ಕೆಲವು ವರ್ಷಾಂತರದಲ್ಲಿ ಕ್ಯಾನ್ಸರಿಗೆ ತಿರುಗುವುದುಂಟು. 1969ರಲ್ಲಿ ನ್ಯೂಯಾರ್ಕಿನ ವೈದ್ಯ ಹಿರೋಮಿ ಶಿನ್ಯಾ ಅವರು ಹೊಟ್ಟೆ ಕೊಯ್ಯದೆ, ಗುದದ್ವಾರದಿಂದ ಸೇರಿಸಿದ ದರ್ಶಕನಳಿಗೆಯ ಮೂಲಕ ತಂತಿಯ ಕುಣಿಕೆ ಹಾಕಿ, ವಿದ್ಯುತ್ತಿನ ಕಾವಿನಿಂದ ಇಂಥ ಗಂಟನ್ನು ಕತ್ತರಿಸಿ ತೆಗೆದರು. ಕಾವು ರಕ್ತವನ್ನೂ ಕಟ್ಟಿಸುತ್ತದೆ, ನಿಜ. ಆದರೆ ಕರುಳಿನ ಗೋಡೆಯ ದಪ್ಪ ಕೆಲವೇ ಮಿಲಿಮೀಟರು. ಕಾವು ಮಿತಿಮೀರಿದರೆ ರಂಧ್ರ, ಸಾಲದಿದ್ದರೆ ರಕ್ತಸ್ರಾವ!

ಈಗಿನ ಹಲವು ಯಂತ್ರಗಳು ವಿದ್ಯುತ್ಪ್ರವಾಹವನ್ನೂ ವೋಲ್ಟೇಜನ್ನೂ ಕ್ಷಣಕ್ಷಣಕ್ಕೂ ಅಳೆಯುತ್ತವೆ. ಮಾಂಸ ಬೆಂದು ಒಣಗಿದಂತೆ ಅದರ ವಿದ್ಯುತ್ ರೋಧ ಏರುತ್ತದೆ. ಆ ಸುಳಿವು ಹಿಡಿದು ಯಂತ್ರವೇ ಶಕ್ತಿಯನ್ನು ಹೊಂದಿಸಿಕೊಳ್ಳುತ್ತದೆ. ಆದರೂ ಗೋಡೆಯ ಆಳಕ್ಕೆ ಎಷ್ಟು ಕಾವು ಇಳಿಯಿತೆಂಬುದನ್ನು ಅದು ನೇರವಾಗಿ ಅರಿಯದು. ಆದಕಾರಣ ವೈದ್ಯರು ಅಗಲವಾದ ಗಂಟಿನಡಿಗೆ ಲವಣಜಲ ಚುಚ್ಚಿ ಮೇಲೆತ್ತಿಕೊಳ್ಳುತ್ತಾರೆ. ತೀರ ಸಣ್ಣವನ್ನು ವಿದ್ಯುತ್ತನ್ನೇ ಹಾಯಿಸದೆ ಬರಿಯ ಕುಣಿಕೆಯಿಂದ ಕೊಯ್ಯುತ್ತಾರೆ.