ಹೇಳಿದ ಕಾಲಕ್ಕೆ ಬಿಡುಗಡೆ

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಭಾಗದ ಹೊಲಗಳಿಗೆ ಕೃಷ್ಣೆಯ ನೀರು ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ಮೂಲಕ ಬರುತ್ತದೆ. ಜಲಾಶಯದಲ್ಲಿ ನೀರು ಎಷ್ಟಿದೆಯೆಂಬುದು ರೈತನಿಗೆ ಮುಖ್ಯವೇ. ಅದನ್ನು ಯಾವ ದಿನ ಬಿಡುವರೆಂಬುದೂ ಅಷ್ಟೇ ಮುಖ್ಯ. ದಿನ ತಿಳಿದಿದ್ದರೆ ಅವನು ಸಸಿಮಡಿ ಸಿದ್ಧಪಡಿಸಬಹುದು, ಆಳುಗಳನ್ನು ಗೊತ್ತುಮಾಡಬಹುದು. ತಿಳಿಯದಿದ್ದರೆ, ನೀರು ಬಂದೊಡನೆ ಎಲ್ಲರೂ ತೂಬಿಗೆ ಮುಗಿಬೀಳುವರು. ಕಾಲುವೆಯ ಕೊನೆಯಲ್ಲಿರುವವನು ಕಾಯುತ್ತಲೇ ಉಳಿಯುವನು. ಕಂಪ್ಯೂಟರ್ ಭಾಷೆಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಹೇಗೆಂಬುದನ್ನು ನೋಡೋಣ.

ಪೈಥಾನ್, ರಸ್ಟ್ ಮೊದಲಾದ ಪ್ರೋಗ್ರಾಮಿಂಗ್ ಭಾಷೆಗಳು ಮುಕ್ತ ತಂತ್ರಾಂಶಗಳು. ಅವುಗಳ ಒಳರಚನೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಗಳನ್ನು ಸೂಚಿಸಬಹುದು. ನಾನಾ ದೇಶಗಳ ಜನರು, ಅವರಲ್ಲಿ ಅನೇಕರು ಸಂಬಳವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಈ ಕೆಲಸ ಮಾಡುತ್ತಾರೆ. ಹೀಗೆ ಕೂಡಿಬಂದ ತಿದ್ದುಪಡಿಗಳನ್ನು ಪರೀಕ್ಷಿಸಿ, ಒಂದು ಆವೃತ್ತಿಸಂಖ್ಯೆಯನ್ನು ಕೊಟ್ಟು, ಬಳಕೆದಾರರ ಕೈಗಿಡುವುದೇ ‘ಬಿಡುಗಡೆ’. ಅದು ಯಾವಾಗ ಆಗಬೇಕು? ‘ಎಲ್ಲವೂ ಸಿದ್ಧವಾದಾಗ’ ಎಂಬ ಉತ್ತರ ಸಹಜವಾಗಿ ತೋರುತ್ತದೆ. ಆದರೆ ಅದರಲ್ಲಿ ಎರಡು ತೊಡಕುಗಳುಂಟು.

ಮೊದಲನೆಯದು ಲೆಕ್ಕದ ತೊಡಕು. ಒಂದೊಂದಾಗಿ ಸರಿಯಾಗಿರುವ ಎರಡು ತಿದ್ದುಪಡಿಗಳು ಒಂದಕ್ಕೊಂದು ಹೊಂದದೆ ದೋಷ ಉಂಟಾಗಬಹುದು. ಒಂದು ಬಿಡುಗಡೆಯಲ್ಲಿ 10 ತಿದ್ದುಪಡಿಗಳಿದ್ದರೆ ಅವುಗಳೊಳಗಿನ ಜೋಡಿಗಳು 45. 100 ತಿದ್ದುಪಡಿಗಳಿದ್ದರೆ 4,950. ತಿದ್ದುಪಡಿಗಳು ಹತ್ತುಪಟ್ಟಾದರೆ ಸಂಶಯಪಡಬೇಕಾದ ಜೋಡಿಗಳು ನೂರುಪಟ್ಟನ್ನೂ ಮೀರುತ್ತವೆ. ತಡವಾಗಿ ಬರುವ ದೊಡ್ಡ ಬಿಡುಗಡೆಯಲ್ಲಿ ದೋಷವನ್ನು ಹುಡುಕುವುದು ಕಠಿಣವಾಗಲು ಇದೇ ಕಾರಣ.

ಎರಡನೆಯದು ಮನುಷ್ಯಸ್ವಭಾವದ ತೊಡಕು. ಮುಂದಿನ ಬಿಡುಗಡೆ ಎಂದೆಂಬುದು ತಿಳಿಯದಾಗ, ತಮ್ಮ ಕೆಲಸವನ್ನು ಹೇಗಾದರೂ ಈ ಸಲವೇ ಸೇರಿಸಬೇಕೆಂದು ಎಲ್ಲರೂ ಒತ್ತಾಯಿಸುವರು. ಅರ್ಧ ಬೆಂದದ್ದೂ ಒಳಸೇರುತ್ತದೆ. ಅದು ಬೇಯುವವರೆಗೆ ಉಳಿದುದೆಲ್ಲ ಕಾಯಬೇಕಾಗುತ್ತದೆ. ಜಾವಾ ಭಾಷೆಯ 6ನೆಯ ಆವೃತ್ತಿ ಬಂದದ್ದು 2006ರ ಡಿಸೆಂಬರಿನಲ್ಲಿ. 7ನೆಯದು 2011ರ ಜುಲೈಯಲ್ಲಿ. 2018ರಿಂದ ಅದು ಆರು ತಿಂಗಳಿಗೊಮ್ಮೆ ಬಿಡುಗಡೆಯಾಗುತ್ತಿದೆ. ರಸ್ಟ್ 2015ರಿಂದ ಆರು ವಾರಗಳಿಗೊಮ್ಮೆ, ಪೈಥಾನ್ 2020ರಿಂದ ಪ್ರತಿವರ್ಷ ಅಕ್ಟೋಬರಿನಲ್ಲಿ ಹೊಸ ಆವೃತ್ತಿಯನ್ನು ಹೊರತರುತ್ತಿವೆ.

ಇದರಿಂದ ನಮಗೇನು ಎಂದು ಕೇಳಬಹುದು. ಕನ್ನಡದ್ದೇ ಒಂದು ಉದಾಹರಣೆಯಿದೆ. ಹಳೆಯ ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ‘ನಕಾರ ಪೊಲ್ಲು’ ಎಂಬ ಪ್ರತ್ಯೇಕ ರೂಪವಿತ್ತು. ಲೋಕದ ಲಿಪಿಗಳಿಗೆಲ್ಲ ಸಂಕೇತಸಂಖ್ಯೆಗಳನ್ನು ಕೊಡುವ ಯೂನಿಕೋಡ್ ವ್ಯವಸ್ಥೆ 2021ರ ಸೆಪ್ಟೆಂಬರಿನಲ್ಲಿ, ತನ್ನ 14ನೆಯ ಆವೃತ್ತಿಯಲ್ಲಿ, ಇದನ್ನು ಸೇರಿಸಿಕೊಂಡಿತು. ಮುಂದಿನ ತಿಂಗಳೇ ಪೈಥಾನ್ 3.10 ಬಿಡುಗಡೆಯಾಯಿತು. ಆದರೆ ಹೊಸ ಅಂಶಗಳಿಗೆ ಅದರ ಬಾಗಿಲು ಮೇ ತಿಂಗಳಲ್ಲೇ ಮುಚ್ಚಿತ್ತು. ಉಳಿದ ತಿಂಗಳುಗಳು ಪರೀಕ್ಷೆಗೆ ಮೀಸಲು. ನಮ್ಮ ಅಕ್ಷರ ಹೊರಗುಳಿಯಿತು. ಇದು ಅಕ್ಷರವೇ ಎಂದು 3.10ನ್ನು ಕೇಳಿದರೆ ಅಲ್ಲವೆನ್ನುತ್ತದೆ. 2022ರ ಅಕ್ಟೋಬರಿನಲ್ಲಿ ಬಂದ 3.11 ಹೌದೆನ್ನುತ್ತದೆ. ಕಾಲ ಗೊತ್ತಿಲ್ಲದ ವ್ಯವಸ್ಥೆಯಾಗಿದ್ದರೆ ಈ ಒಂದು ವರ್ಷ ಎಷ್ಟು ವರ್ಷಗಳಾಗಿ ಬೆಳೆಯುತ್ತಿತ್ತೋ! ದೊಡ್ಡ ಭಾಷೆಗಳ ಬೇಡಿಕೆಗೆ ಕೂಗುವವರು ಬಹಳ ಮಂದಿ. ಕಾಲುವೆಯ ಕೊನೆಯಲ್ಲಿರುವವರಿಗೆ ನಿಯಮವೇ ಬಲ.

ನಿಯಮಿತ ಬಿಡುಗಡೆಯೆಂದರೆ ಅವಸರದ ಬಿಡುಗಡೆಯಲ್ಲ. ಸಿದ್ಧವಾಗದ ಅಂಶವನ್ನು ಬಿಟ್ಟು ಹೊರಡುವುದೇ ಅದರ ಗುಟ್ಟು. ಪದೇ ಪದೇ ಬದಲಾಯಿಸಲಾರದ ಬಳಕೆದಾರರನ್ನೂ ಮರೆಯುವಂತಿಲ್ಲ. ಆದ್ದರಿಂದಲೇ ಪೈಥಾನಿನ ಪ್ರತಿಯೊಂದು ಆವೃತ್ತಿಗೂ ಸುಮಾರು ಐದು ವರ್ಷಗಳವರೆಗೆ ಸುರಕ್ಷತೆಯ ತಿದ್ದುಪಡಿಗಳು ದೊರೆಯುತ್ತವೆ. ನಿಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಯಾವ ಆವೃತ್ತಿಯಿದೆಯೆಂದು ಒಮ್ಮೆ ನೋಡಿ. ಅದರ ಅವಧಿ ಮುಗಿದಿದೆಯೇ ಇಲ್ಲವೇ ಎಂಬುದನ್ನು ನೀವೇ ಲೆಕ್ಕಹಾಕಬಹುದು.