ಸರ್ವರ್ ಕೈಕೊಟ್ಟಾಗ ಮೊದಲು ಕೂಡಿಡಬೇಕಾದ ದಾಖಲೆಗಳು

ಚಂದ್ರಗುತ್ತಿಯ ವರ್ತಕರು ಖರೀದಿಸಿದ ಅಡಿಕೆ ಶಿವಮೊಗ್ಗೆಯ ಮಂಡಿಗೆ ಹೊರಡಬೇಕಾದರೆ ಇಂದು ಲಾರಿ, ಹಮಾಲಿ ಹಾಗೂ ಬಿಲ್ಲು ಇದ್ದರಷ್ಟೇ ಸಾಲದು. ಸರಕಿನ ಮೌಲ್ಯ 50,000 ರೂಪಾಯಿ ಮೀರಿದಲ್ಲಿ ಇ-ವೇ ಬಿಲ್ ಸಹ ಜೊತೆಗಿರಬೇಕು. ಈ ರಾಷ್ಟ್ರೀಯ ವ್ಯವಸ್ಥೆಯನ್ನು ದೇಶದಲ್ಲೇ ಮೊದಲಿಗೆ, 2017ರ ಸೆಪ್ಟೆಂಬರ್‌ನಲ್ಲಿ, ಅಳವಡಿಸಿಕೊಂಡದ್ದು ಕರ್ನಾಟಕ. 2018ರ ಫೆಬ್ರವರಿ 1ರಂದು ಅದು ದೇಶಕ್ಕೆಲ್ಲ ಅನ್ವಯವಾದಾಗ ಜಾಲತಾಣವು ಮೊದಲ ದಿನವೇ ಹೊರೆ ತಾಳಲಾರದೆ ಕುಸಿಯಿತು. ಜಾರಿಯನ್ನು ಏಪ್ರಿಲ್ 1ಕ್ಕೆ ಮುಂದೂಡಬೇಕಾಯಿತು.

ಲೆಕ್ಕಪತ್ರದ ತಂತ್ರಾಂಶ ಬಳಸುವ ಅನೇಕ ವರ್ತಕರು ಇ-ವೇ ಬಿಲ್‌ಗಾಗಿ ಸರಕಾರದ ಜಾಲತಾಣವನ್ನು ತಾವಾಗಿ ತೆರೆಯುವುದೇ ಇಲ್ಲ. ತಂತ್ರಾಂಶವೇ ಬಿಲ್ಲಿನ ವಿವರವನ್ನು ಸಂದೇಶವಾಗಿ ಕಳುಹಿಸಿ ಉತ್ತರ ಪಡೆಯುತ್ತದೆ. ಯಂತ್ರವು ಯಂತ್ರದೊಡನೆ ನಡೆಸುವ ಈ ವ್ಯವಹಾರಕ್ಕೆ ವೆಬ್ ಸರ್ವಿಸ್ ಎಂದು ಹೆಸರು. ವರ್ತಕರ ಗಣಕಯಂತ್ರ, ದೂರಸಂಪರ್ಕ ಮಾರ್ಗ, ತಂತ್ರಾಂಶ ಸಂಸ್ಥೆಯ ಅಪ್ಲಿಕೇಷನ್ ಸರ್ವರ್, ಸರಕಾರದ ಸರ್ವರ್ ಎಂಬ ನಾಲ್ಕು ಕೊಂಡಿಗಳಲ್ಲಿ ಯಾವುದು ಕಳಚಿದರೂ ಅಂಗಡಿಯಲ್ಲಿ ಕೇಳಿಬರುವ ಮಾತು ಒಂದೇ: ‘ಸರ್ವರ್ ಡೌನ್’. ಈ ಮಾತಿನಿಂದ ದೋಷದ ಜಾಗವೂ ತಿಳಿಯದು, ಹೊಣೆಯೂ ತೀರ್ಮಾನವಾಗದು.

ಹೊಣೆಯ ಪ್ರಶ್ನೆ ಎಷ್ಟು ದುಬಾರಿಯಾಗಬಲ್ಲುದೆಂಬುದನ್ನು ‘ಟ್ರಾನ್-1’ ಪ್ರಕರಣ ತೋರಿಸಿಕೊಟ್ಟಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿದ್ದ ಜಮೆಯನ್ನು ಜಿಎಸ್‌ಟಿಗೆ ವರ್ಗಾಯಿಸಿಕೊಳ್ಳಲು ಈ ನಮೂನೆಯನ್ನು 2017ರ ಡಿಸೆಂಬರ್ 27ರೊಳಗೆ ಸಲ್ಲಿಸಬೇಕಿತ್ತು. ತಾಂತ್ರಿಕ ತೊಡಕಿನಿಂದ ಸಲ್ಲಿಸಲಾಗದವರಿಗಾಗಿ 2018ರ ಏಪ್ರಿಲ್ 3ರ ಸುತ್ತೋಲೆಯಲ್ಲಿ ಪರಿಹಾರ ದೊರೆಯಿತಾದರೂ, ಪ್ರಾಮಾಣಿಕವಾಗಿ ಯತ್ನಿಸಿದ್ದಕ್ಕೆ ಸಾಕ್ಷ್ಯ ಬೇಕಿತ್ತು. ಪೋರ್ಟಲ್‌ನ ಲಾಗ್‌ನಲ್ಲಿ ಯತ್ನದ ಗುರುತು ಸಿಗದಿದ್ದವರು ಉಚ್ಚ ನ್ಯಾಯಾಲಯಗಳ ಮೆಟ್ಟಿಲೇರಬೇಕಾಯಿತು. ಕಡೆಗೆ ಫಿಲ್ಕೊ ಟ್ರೇಡ್ ಸೆಂಟರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2022ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಪೋರ್ಟಲ್ ಮತ್ತೆ ತೆರೆಯಿತು. ಅಲ್ಲಿಯವರೆಗೆ, ಹೆಚ್ಚುಕಡಿಮೆ ಐದು ವರ್ಷ, ಆ ಹಣ ಕೈಗೆಟುಕಲಿಲ್ಲ.

ವರ್ತಕರ ಕಡೆಯ ಕೆಲಸ ಸರಳವಾದುದು. ದೋಷ ಕಂಡ ದಿನಾಂಕ, ನಿಮಿಷದವರೆಗಿನ ವೇಳೆ, ಬಿಲ್ಲಿನ ಸಂಖ್ಯೆ, ಪರದೆಯ ಮೇಲಿನ ಪೂರ್ಣ ಸಂದೇಶ ಮತ್ತು ದೋಷಸಂಖ್ಯೆಗಳನ್ನು ಬರೆದಿಟ್ಟು, ಪರದೆಯ ಚಿತ್ರವನ್ನೂ ಉಳಿಸಿಕೊಳ್ಳಬೇಕು. 400ರ ಸರಣಿಯ ಸಂಖ್ಯೆಗಳು ಸಾಮಾನ್ಯವಾಗಿ ಕಳುಹಿಸಿದ ಸಂದೇಶದಲ್ಲಿ ಅಥವಾ ಗುರುತಿನಲ್ಲಿ ಲೋಪವಿದೆಯೆಂದೂ, 500ರ ಸರಣಿಯವು ಉತ್ತರಿಸಬೇಕಾದ ಕಡೆ ತೊಂದರೆಯಿದೆಯೆಂದೂ ಸೂಚಿಸುತ್ತವೆ. 504 ಬಂದರೆ ಎಚ್ಚರ ಅಗತ್ಯ: ನಡುವಿನ ಸರ್ವರ್ ಕಾದು ಬೇಸತ್ತಿದೆಯೆಂದಷ್ಟೇ ಅದರ ಅರ್ಥ. ಆಚೆ ಬದಿಯಲ್ಲಿ ಬಿಲ್ಲು ಸಿದ್ಧವಾಗಿದ್ದು, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಮಳೆಗಾಲದಲ್ಲಿ ವಿದ್ಯುತ್ತೂ ಸಂಪರ್ಕವೂ ಕೈಕೊಡುವ ಮಲೆನಾಡಿನಲ್ಲಿ ಹೀಗಾಗುವುದು ಅಪರೂಪವೇನಲ್ಲ. ಮತ್ತೆ ಕಳುಹಿಸುವ ಮೊದಲು ಬಿಲ್ಲು ಹುಟ್ಟಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ.

ತಂತ್ರಾಂಶ ಸಂಸ್ಥೆಯ ಸರ್ವರ್ ಕೋಣೆಯಲ್ಲಿ ನಡೆಯುವ ಅತಿ ಸಾಮಾನ್ಯ ತಪ್ಪೆಂದರೆ, ಯಂತ್ರ ಸ್ತಬ್ಧವಾದ ಕೂಡಲೇ ಅದನ್ನು ನಿಲ್ಲಿಸಿ ಮರುಚಾಲನೆ ಮಾಡುವುದು. ಸೇವೆ ಮರಳುತ್ತದೆ, ಆದರೆ ಸ್ಮೃತಿಯಲ್ಲಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗಿ ಮುಂದಿನ ವಾರ ಅದೇ ಕಾಯಿಲೆ ಮರುಕಳಿಸುತ್ತದೆ. ಜಾವಾ ಆಧಾರಿತ ಸರ್ವರ್‌ಗಳಲ್ಲಿ ಮರುಚಾಲನೆಗೆ ಮುನ್ನ ಕೆಲವು ಸೆಕೆಂಡುಗಳ ಅಂತರದಲ್ಲಿ ಮೂರು ಬಾರಿಯಾದರೂ ಥ್ರೆಡ್ ಡಂಪ್ ತೆಗೆಯುವುದು ರೂಢಿ. ಥ್ರೆಡ್‌ಗಳೆಂದರೆ ಮಂಡಿಯ ಗುಮಾಸ್ತರಿದ್ದಂತೆ. ಮೂರು ಚಿತ್ರಗಳಲ್ಲಿಯೂ ಎಲ್ಲ ಗುಮಾಸ್ತರು ಒಂದೇ ಬಾಗಿಲಲ್ಲಿ ಕಾದು ನಿಂತಿದ್ದರೆ ದೋಷವನ್ನು ಆ ಬಾಗಿಲ ಹಿಂದೆ, ಹೆಚ್ಚಾಗಿ ದತ್ತಸಂಚಯದಲ್ಲಿ ಅಥವಾ ಉತ್ತರಿಸದ ಹೊರಗಿನ ಸೇವೆಯಲ್ಲಿ, ಹುಡುಕಬೇಕು. ಸ್ಮೃತಿ ತುಂಬಿದ ಸಂಶಯವಿದ್ದರೆ ಹೀಪ್ ಡಂಪ್ ಸಹ ಬೇಕು. ಅದನ್ನು ತೆಗೆಯುವಾಗ ಸರ್ವರ್ ತಡವರಿಸುತ್ತದೆ. ಗ್ರಾಹಕರ ವಿವರಗಳೂ ಅದರಲ್ಲಿರುತ್ತವೆಯಾದ್ದರಿಂದ ಕಂಡವರಿಗೆ ಕಳುಹಿಸುವಂತಿಲ್ಲ. ಐಬಿಎಂ ಸಂಸ್ಥೆಯು ತನ್ನ ವೆಬ್‌ಸ್ಫಿಯರ್ ಸರ್ವರ್‌ಗೆ ‘ಮಸ್ಟ್ ಗ್ಯಾದರ್’ ಎಂಬ ಹೆಸರಿನಲ್ಲಿ ಇಂಥ ಸಂಗ್ರಹದ ಕ್ರಮವನ್ನೇ ರೂಪಿಸಿದೆ.

ಬಂದ ಸಂದೇಶ ಮತ್ತು ಹೋದ ಉತ್ತರಗಳ ಪೂರ್ಣ ಪಾಠವನ್ನು ದಾಖಲಿಸುವ ಟ್ರೇಸ್ ಸೌಲಭ್ಯವನ್ನು ದೋಷವು ಮರುಕಳಿಸುವ ವೇಳೆಗಷ್ಟೇ ತೆರೆಯಬೇಕು; ಸದಾ ತೆರೆದಿಟ್ಟರೆ ಡಿಸ್ಕ್ ತುಂಬಿ ಬೇರೊಂದು ರೋಗ ಹುಟ್ಟುತ್ತದೆ. ಗುಪ್ತಪದಗಳನ್ನು ಮರೆಮಾಚುವುದು ಕಡ್ಡಾಯ. ಇಷ್ಟೆಲ್ಲ ಮಾಡಿಯೂ ಎರಡು ಸರ್ವರ್‌ಗಳ ಗಡಿಯಾರ ಐದು ನಿಮಿಷ ಹೆಚ್ಚುಕಡಿಮೆಯಿದ್ದರೆ ದಾಖಲೆಗಳು ತಾಳೆಯಾಗವು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವು ಸರ್ವರ್ ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕೆಂದೂ, ಲಾಗ್‌ಗಳನ್ನು 180 ದಿನ ಕಾಪಾಡಬೇಕೆಂದೂ ವಿಧಿಸಿದೆ. 2025ರ ಜನವರಿಯಲ್ಲಿ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಅಸ್ತವ್ಯಸ್ತಗೊಂಡಾಗ, ನಕಲಿ ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟಕ್ಕೆ ಬೇಡಿಕೆಗಳನ್ನು ಸುರಿದ ದಾಳಿ ಅದೆಂಬುದು ಗೊತ್ತಾದದ್ದೂ ಇಂಥ ದಾಖಲೆಗಳ ಪರಿಶೀಲನೆಯಿಂದಲೇ.

ಆದರೆ ತೆರಿಗೆ ವ್ಯಾಜ್ಯಕ್ಕೆ 180 ದಿನ ಏನೇನೂ ಸಾಲದು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣಾಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ದೋಷದ ದಾಖಲೆಯ ಪ್ರತಿಯನ್ನು ತಂತ್ರಾಂಶ ಸಂಸ್ಥೆಯಿಂದ ಲಿಖಿತವಾಗಿ ಪಡೆದು ಅದೇ ಕಡತದಲ್ಲಿರಿಸಬೇಕು. ವಾರ್ಷಿಕ ನಿರ್ವಹಣಾ ಒಪ್ಪಂದ ನವೀಕರಿಸುವಾಗ ಈ ಪ್ರತಿಯನ್ನು ಎಷ್ಟು ದಿನದೊಳಗೆ ಕೊಡತಕ್ಕದ್ದೆಂದು ಒಂದು ಷರತ್ತನ್ನೂ ಸೇರಿಸಿಕೊಳ್ಳಬೇಕು.