ಹೊಗೆ ಬಂದರೆ ಬೋರು ಹೋಯಿತೇ?

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯಲ್ಲಿ ಜೈ–ವೀರು ಹಾಡುತ್ತ ಓಡಿಸಿದ ಸೈಡ್‌ಕಾರ್ ಬೈಕು ಬಿಎಸ್‌ಎ ಡಬ್ಲ್ಯೂಎಂ20. ಎರಡನೇ ಮಹಾಯುದ್ಧಕ್ಕೆಂದು ಬ್ರಿಟಿಷ್ ಸೇನೆ ಕೊಂಡಿದ್ದ ಮಾದರಿ. 496 ಸಿಸಿ, ನಾಲ್ಕು ಸ್ಟ್ರೋಕ್. ಆದರೆ ಅದೇ ರಾಮನಗರದ ಕೂಟಗಲ್ ಕಡೆಯ ಮನೆಗಳಲ್ಲಿ ರೇಷ್ಮೆಹುಳದ ಚಂದ್ರಿಕೆಗಳ ಪಕ್ಕ ಗೋಣಿಚೀಲ ಹೊದ್ದು ನಿಂತ ಹಳೇ ಬೈಕು ಸಿಕ್ಕರೆ ಅದು ಬಹುಪಾಲು ಜಾವಾ ಇಲ್ಲವೇ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಎರಡು ಸ್ಟ್ರೋಕಿನ ಗಾಡಿಗಳಿವು.

ದೂರದ ಸವಾರಿಗೆ ಹೊರಟವರ ಕಿವಿಗೆ ಬೀಳುವ ಅರ್ಧದಷ್ಟು ತಪ್ಪು ಸಲಹೆಗಳು ಹುಟ್ಟುವುದೇ ನಾಲ್ಕು ಸ್ಟ್ರೋಕು, ಎರಡು ಸ್ಟ್ರೋಕು ಎಂಬ ಈ ಎರಡು ಜಾತಿಯನ್ನು ಒಂದೇ ಎಂದುಕೊಳ್ಳುವುದರಿಂದ.

ಮೊದಲನೆಯದು ಎಣ್ಣೆಯದು. “ಒಂದ್ ತೊಟ್ಟು ಜಾಸ್ತೀನೇ ಹಾಕ್ಸಿ, ಎಂಜಿನ್ ತಣ್ಣಗಿರ್ತದೆ” ಎನ್ನದ ಬಂಕಿಲ್ಲ. ಯೆಜ್ಡಿಯ ಪಿಸ್ಟನ್ನಿಗೂ ಬೇರಿಂಗಿಗೂ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ, ನಿಜ. ಎಣ್ಣೆ–ಪೆಟ್ರೋಲಿನ ಪಾಲು 1:25 ಎಂದರೆ ಲೀಟರಿಗೆ 40 ಮಿಲಿ. ಅದನ್ನು 60 ಮಾಡಿದರೆ ಕಾರ್ಬುರೇಟರಿನ ಜೆಟ್ಟಿನಲ್ಲಿ ಹಾಯುವ ದ್ರವದಲ್ಲಿ ಎಣ್ಣೆಯ ಪಾಲು ಏರಿ ಪೆಟ್ರೋಲಿನ ಪಾಲು ಇಳಿಯುತ್ತದೆ. ಮಿಶ್ರಣ ಬಡವಾಗಿ ಎಂಜಿನ್ ತಣ್ಣಗಾಗುವ ಬದಲು ಇನ್ನಷ್ಟು ಕಾಯುತ್ತದೆ. ಪ್ಲಗ್ ಕಪ್ಪಾಗಿ, ಸೈಲೆನ್ಸರಿಗೆ ಕರಿ ಕಟ್ಟುವುದು ಬೇರೆ. ಕೈಪಿಡಿಯ ಅಳತೆಯೇ ಸಾಕು. ಅಂದಾಜು ಬೇಡ, ಅಳತೆಯ ಲೋಟ ಬೇಕು.

ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಇಳಿಸಿದರೆ ಎಂಜಿನ್ನಿಗೆ ವಿಶ್ರಾಂತಿ ಎಂಬುದು ಇನ್ನೊಂದು. ಬಿಎಸ್‌ಎಗೆ ಈ ಮಾತು ಒಪ್ಪುತ್ತದೆ. ಅದಕ್ಕೆ ಎಣ್ಣೆ ತಳ್ಳಲು ಪಂಪೇ ಇದೆ. ಯೆಜ್ಡಿಯಲ್ಲಿ ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲ್ ಕಡಿಮೆ, ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಆಗುಂಬೆಯ 14 ತಿರುವುಗಳನ್ನು ಹಾಗೆ ಇಳಿದರೆ ಎಂಜಿನ್ ಗರ್ರೆಂದು ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಸಾಕಷ್ಟು ಬರುತ್ತಿರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಕೊಟ್ಟು ಇಳಿಯುವುದು ಹಳಬರ ರೂಢಿ. ನ್ಯೂಟ್ರಲ್ ಮಾಡಿ ಬಿಡುವುದಂತೂ ಮೂರ್ಖತನ. ಆ ಕಾಲದ ಡ್ರಮ್ ಬ್ರೇಕಿನ ಮೇಲೆ ಅಷ್ಟು ಭಾರ ಹೊರಿಸಬಾರದು.

ಇನ್ನು ಹೊಗೆ. ವರ್ಷಗಟ್ಟಲೆ ನಿಂತ ಯೆಜ್ಡಿ ಬಿಳಿ ಹೊಗೆ ಉಗುಳಿದೊಡನೆ “ಬೋರು ಹೋಯ್ತು”, ಅಂದರೆ ಸಿಲಿಂಡರ್ ಸವೆಯಿತು ಎಂಬ ತೀರ್ಪು ಬರುತ್ತದೆ. ಬೋರು ಹೊಡೆಸಿ, ಹೊಸ ಪಿಸ್ಟನ್ ಹಾಕಿಸಿದರೂ ಹೊಗೆ ಹಾಗೇ ಇರುತ್ತದೆ. ಏಕೆಂದರೆ ಕಳ್ಳ ಕೆಳಗಿದ್ದಾನೆ. ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು ನಿಂತಲ್ಲೇ ಗಟ್ಟಿಯಾಗಿರುತ್ತವೆ. ಕ್ಲಚ್ ಬದಿಯದು ಸೋತರೆ ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ ಹೀರಿ ಸುಡುತ್ತದೆ. ಅದೇ ಆ ಹೊಗೆ. ಡೈನಮೋ ಬದಿಯದು ಸೋತರೆ ಹೊಗೆಯೇ ಬರುವುದಿಲ್ಲ, ಗಾಳಿ ನುಗ್ಗಿ ಪೆಟ್ರೋಲ್ ಸಾಲದೆ ಪಿಸ್ಟನ್ ಸೀಜ್ ಆಗುತ್ತದೆ. ಎರಡರಲ್ಲಿ ಸದ್ದಿಲ್ಲದ್ದೇ ಹೆಚ್ಚು ಅಪಾಯ. ಬೋರಿನ ಖರ್ಚಿನ ಮುಂದೆ ಸೀಲಿನ ಬೆಲೆ ಏನೇನೂ ಅಲ್ಲ. ಹೊರಡುವ ಹಿಂದಿನ ದಿನ ಎಂಜಿನ್ ಹೊಸದು ಮಾಡಿಸುವುದೂ ಜಾಣತನವಲ್ಲ. ಹೊಸ ಪಿಸ್ಟನ್ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿ ಪಳಗಬೇಕು.

ಪೆಟ್ರೋಲಿನ ಬಗ್ಗೆ ಇರುವ ಭಯ ಹಳೆಯದು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲೇ ನಿಂತು ಇಷ್ಟು ವರ್ಷವಾದರೂ ಸೀಸದ ಬದಲಿ ದ್ರಾವಣ ಹುಡುಕುವವರಿದ್ದಾರೆ. ಸೀಸ ಕಾಯುತ್ತಿದ್ದುದು ವಾಲ್ವಿನ ಪೀಠವನ್ನು. ಯೆಜ್ಡಿಗೆ ವಾಲ್ವೇ ಇಲ್ಲ! ಈಗಿನ ತಲೆನೋವು ಎಥನಾಲ್. ಶೇ 20ರ ಮಿಶ್ರಣ ಬೆಂಗಳೂರಿನಲ್ಲಿ 2023ರ ಫೆಬ್ರುವರಿ 6ರಂದು ಬಿಡುಗಡೆಯಾಯಿತು. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿಗೆ ತುಕ್ಕು ತರುತ್ತದೆ. ಪೆಟ್ರೋಲ್ ಪೈಪು ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ಬರಿದು ಮಾಡಿದರೆ ಅರ್ಧ ಗೆದ್ದಂತೆ.

ಟಯರಿನ ಬಟನ್ ಸವೆದಿಲ್ಲ, ಆದ್ದರಿಂದ ಚೆನ್ನಾಗಿದೆ ಎನ್ನುವಂತಿಲ್ಲ. ಪಕ್ಕೆಯಲ್ಲಿ ನಾಲ್ಕಂಕಿ ಇರುತ್ತದೆ: 1209 ಎಂದರೆ 2009ರ 12ನೇ ವಾರ. ಆ ರಬ್ಬರು ಈಗ ಹಲಗೆ.

ಆರು ವೋಲ್ಟಿನ ದೀಪ ಮಂಕು ಎಂದು ಬೈಯುವವರಿಗೂ ಒಂದು ಲೆಕ್ಕ. 35 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 6 ಬೇಕು. ತುಕ್ಕು ಹಿಡಿದ ಅದೇ ಅರ್ತಿನಲ್ಲಿ ವೋಲ್ಟಿನ ನಷ್ಟ ಇಮ್ಮಡಿ, ಕೈಯಲ್ಲಿರುವ ಬಂಡವಾಳವೋ ಅರ್ಧ. ಅಂದರೆ ಪೆಟ್ಟು ನಾಲ್ಕು ಪಟ್ಟು. ಹೊಸ ವೈರು, ಉಜ್ಜಿ ತೆಗೆದ ಅರ್ತು ಹಾಕಿದ ಮೇಲೆ ಎಷ್ಟೋ ಗಾಡಿಗಳಿಗೆ ಬೇರೆ ದೀಪವೇ ಬೇಕಾಗುವುದಿಲ್ಲ.

“ಹಳೇ ಗಾಡಿ ದೂರ ಹೋಗಲ್ಲ” ಎಂಬ ಮಾತಿಗೆ ಅಮೆರಿಕದ ಕ್ಯಾನನ್‌ಬಾಲ್ ಓಟ 2010ರಲ್ಲೇ ಉತ್ತರ ಕೊಟ್ಟಿದೆ. 1916ಕ್ಕಿಂತ ಹಿಂದಿನ ಬೈಕುಗಳು ಅಲ್ಲಿ ಪೂರ್ವ ಕರಾವಳಿಯಿಂದ ಹೊರಟು ಪಶ್ಚಿಮ ಕರಾವಳಿ ಮುಟ್ಟಿದವು. ಇಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಯೆಜ್ಡಿಗೆ ಅದೇ ಒಳ್ಳೆಯದು.

ಹೊರಡುವ ಮುನ್ನ ಕೂಟಗಲ್‌ನಿಂದ ರಾಮನಗರ, ಕನಕಪುರ, ಚನ್ನಪಟ್ಟಣ ಸುತ್ತಿ ಬಂದು, ರಾತ್ರಿ ಎಂಜಿನ್ ಕೆಳಗೆ ಹಳೇ ಪತ್ರಿಕೆ ಹಾಸಬೇಕು. ಬೆಳಿಗ್ಗೆ ಕಾಗದದ ಮೇಲೆ ತೊಟ್ಟು ಬಿದ್ದಿದ್ದರೆ ಗ್ಯಾಸ್ಕೆಟ್ ನೋಡಿದರಾಯಿತು. ಕಾಗದ ಒಣಗಿದ್ದೂ ಗೇರ್‌ಬಾಕ್ಸಿನ ಎಣ್ಣೆ ಇಳಿದಿದ್ದರೆ ಅದು ಸೈಲೆನ್ಸರಿನಿಂದ ಹೊಗೆಯಾಗಿ ಹೋಗಿದೆ; ಸವಾರಿ ಮುಂದಕ್ಕೆ ಹಾಕಿ ಮೊದಲು ಸೀಲು ಬದಲಿಸಬೇಕು.